ಮಗಳಿಗೆ ಹೇಳದೆ ಹೋದ ಅಪ್ಪ

ಮೊನ್ನೆ ಶುಕ್ರವಾರ ರಜೆಯಲ್ಲಿ ರೂಮಿನಲ್ಲಿ ನಾವು ಐದಾರು ಜನ ಕೂತು ಒಂದು ಹಳೇ ಇಂಗ್ಲಿಷ್ ಸಿನಿಮಾ ನೋಡಿದೆವು. ಹೆಸರು ‘ದ ಜರ್ನಿ ಆಫ್ ನ್ಯಾಟಿ ಗ್ಯಾನ್’. 1985ರಲ್ಲಿ ಡಿಸ್ನಿಯವರು ತೆಗೆದದ್ದು, ನಿರ್ದೇಶಕ ಜೆರೆಮಿ ಕೇಗನ್. ಹುಡುಗಿ, ತೋಳ, ಗೂಡ್ಸ್ ರೈಲು ಎಲ್ಲ ಇರುವ ಮಕ್ಕಳ ಸಾಹಸದ ಕಥೆ ಅಂತ ಹಗುರವಾಗಿಯೇ ಹಾಕಿದ್ದು. ಮುಗಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಾಕೆಂದರೆ ಅದು ದುಡಿಯಲು ದೂರ ಹೋದ ಅಪ್ಪನ ಕಥೆಯೂ ಹೌದು.

ಕಥೆ ನಡೆಯುವುದು 1935ರ ಅಮೆರಿಕದಲ್ಲಿ, ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಅಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಷಿಕಾಗೋದ ಸೋಲ್ ಗ್ಯಾನ್ ಕೂಡ ಕೆಲಸವಿಲ್ಲದೆ ಕೂತವನು. ಹೆಂಡತಿ ಇಲ್ಲ, ಇರುವುದು ಒಬ್ಬಳೇ ಮಗಳು ನ್ಯಾಟಿ. ದೇಶದ ಆ ತುದಿಯಲ್ಲಿರುವ ವಾಷಿಂಗ್ಟನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸ ಸಿಗುತ್ತದೆ. ಆದರೆ ಕೂಡಲೇ ಹೊರಡಬೇಕು. ಮಗಳನ್ನು ಹುಡುಕುತ್ತಾನೆ, ಸಿಗುವುದಿಲ್ಲ. ಒಂದು ಕಾಗದ ಬರೆದಿಟ್ಟು, ಅವಳನ್ನು ವಸತಿಗೃಹ ನಡೆಸುವ ಹೆಂಗಸಿಗೆ ಒಪ್ಪಿಸಿ ಹೊರಟುಬಿಡುತ್ತಾನೆ. ದುಡಿದು ದುಡ್ಡು ಕಳಿಸಿ ಅವಳನ್ನು ಕರೆಸಿಕೊಳ್ಳುವುದು ಅವನ ಯೋಚನೆ.

ಆ ಹೆಂಗಸು ನ್ಯಾಟಿಯನ್ನು ‘ದಿಕ್ಕಿಲ್ಲದ ಮಗು’ ಎಂದು ಅಧಿಕಾರಿಗಳಿಗೆ ತಿಳಿಸುತ್ತಾಳೆ. ಅದನ್ನು ಕೇಳಿಸಿಕೊಂಡ ಹುಡುಗಿ ರಾತ್ರೋರಾತ್ರಿ ಓಡುತ್ತಾಳೆ. ಗೂಡ್ಸ್ ರೈಲು ಹತ್ತಿ, ಹಸಿವು, ಚಳಿ, ಪೊಲೀಸರು, ಬಾಲಾಪರಾಧಿಗಳ ಮನೆ ಎಲ್ಲ ದಾಟಿ ಸುಮಾರು 2,000 ಮೈಲಿ ಅಪ್ಪನನ್ನು ಹುಡುಕಿಕೊಂಡು ಹೋಗುತ್ತಾಳೆ. ಹಳಿ ತಪ್ಪಿದ ರೈಲಿನಡಿ ಅವಳ ಪರ್ಸು ಸಿಕ್ಕಿದಾಗ ಮಗಳು ಸತ್ತಳೆಂದು ಅಪ್ಪನಿಗೆ ಸುದ್ದಿ ಹೋಗುತ್ತದೆ. ಜೀವದ ಆಸೆ ಬಿಟ್ಟ ಅವನು ಕಾಡಿನಲ್ಲಿ ಅತಿ ಅಪಾಯದ ಕೆಲಸವನ್ನೇ ಕೇಳಿ ಪಡೆಯುತ್ತಾನೆ.

ತೋಳ ಅವಳಿಗೆ ಕಾವಲಾಗುವುದು ಸಿನಿಮಾದ ಮಾತು, ಬಿಡಿ. ರೈಲು ಹತ್ತಿದ ಮಕ್ಕಳು ಮಾತ್ರ ಸುಳ್ಳಲ್ಲ. ಆ ವರ್ಷಗಳಲ್ಲಿ ಅಂದಾಜು ಎರಡೂವರೆ ಲಕ್ಷ ಹದಿಹರೆಯದವರು ಹೀಗೆ ಗೂಡ್ಸ್ ರೈಲುಗಳಲ್ಲಿ ಅಲೆದಿದ್ದರು ಎನ್ನುತ್ತಾರೆ.

ಸೋಲ್ ಕೆಟ್ಟ ಅಪ್ಪ ಅಲ್ಲ. ಮಗಳ ಹೊಟ್ಟೆಗಾಗಿಯೇ ಹೋದವನು. ಅವನಿಗೆ ಹೇಳಿ ಹೋಗಲು ಆಗಲಿಲ್ಲ. ನಾವಾದರೋ, ಹೇಳಲು ಆಗುವಾಗಲೂ ಹೇಳುವುದಿಲ್ಲ. ಬೆಳಿಗ್ಗಿನ ಫ್ಲೈಟಿಗೆ ಮಕ್ಕಳು ಮಲಗಿರುವಾಗಲೇ ಬ್ಯಾಗು ಎತ್ತಿಕೊಂಡು ಬಜ್ಪೆಗೆ ಹೊರಡುತ್ತೇವೆ. “ಎಬ್ಬಿಸಬೇಡಿ, ಅಳ್ತಾವೆ” ಅಂತ ಉಮ್ಮನೂ ಹೇಳ್ತಾರೆ. ಅಳುವುದು ತಪ್ಪುತ್ತದಾ? ಇಲ್ಲ. ನಮ್ಮ ಕಣ್ಣೆದುರು ಅಳುವುದು ತಪ್ಪುತ್ತದೆ, ಅಷ್ಟೇ. ಎದ್ದ ಮಗು ಉಪ್ಪನ ಚಪ್ಪಲಿ ಇಲ್ಲದ ಜಗಲಿ ನೋಡಿ ತಾನೇ ಅರ್ಥ ಮಾಡಿಕೊಳ್ಳಬೇಕು.

ಲೆಕ್ಕ ಬರೆಯುವ ಕೆಲಸದವರು ನಾವು. ಯಾರಿಗೆ ಎಷ್ಟು ತಿಂಗಳ ಸಂಬಳ ಬಾಕಿ ಅಂತ ನಮಗೆ ಗೊತ್ತಿರುತ್ತದೆ. ಅದೇ ಮನುಷ್ಯ ಸಂಜೆ ಫೋನಿನಲ್ಲಿ “ಇಲ್ಲಿ ಎಲ್ಲ ಚೆನ್ನಾಗುಂಟು” ಅನ್ನುವುದನ್ನೂ ಕೇಳುತ್ತೇವೆ. ದುಡ್ಡು ಯಾಕೆ ಬರಲಿಲ್ಲ ಅಂತ ಗೊತ್ತಿಲ್ಲದ ಮಗ, ಉಪ್ಪ ನಮ್ಮನ್ನು ಮರೆತರು ಅಂದುಕೊಂಡರೆ ತಪ್ಪು ಯಾರದ್ದು?

ಚಿಕ್ಕ ಮಕ್ಕಳ ತಲೆಗೆ ದೊಡ್ಡವರ ಕಷ್ಟ ಹೊರಿಸುವುದು ಸರಿಯಲ್ಲ ಅನ್ನುವವರು ಇದ್ದಾರೆ. ಸಾಲದ ಪಟ್ಟಿ ಓದಿ ಹೇಳಬೇಕಾಗಿಲ್ಲ. “ಈ ತಿಂಗಳು ಸಂಬಳ ತಡ, ಸೈಕಲ್ ಮುಂದಿನ ಸಲ” ಅಂದರೆ ಸಾಕು. ಕಷ್ಟವನ್ನು ಮಕ್ಕಳು ತಾಳುತ್ತಾರೆ. ನ್ಯಾಟಿ ತಾಳಿದಳಲ್ಲ. ತಾಳಲಾಗದ್ದು, ನನ್ನನ್ನು ಬಿಟ್ಟು ಹೋದರಾ ಎಂಬ ಸಂಶಯ.

ಆದ್ದರಿಂದ ನಮ್ಮ ಮಾತು ಇಷ್ಟೇ. ಹೊರಡುವಾಗ ಮಗುವನ್ನು ಎಬ್ಬಿಸಿ, ಯಾವಾಗ ಬರುತ್ತೀರಿ ಅಂತ ಇದ್ದದ್ದನ್ನು ಹೇಳಿ. ಯಾರ ಮನೆಯಲ್ಲಿ ಬಿಡುತ್ತೀರೋ, ಅಲ್ಲಿ ಹೇಗಿದೆ ಅಂತ ಮಗುವನ್ನೇ ಕೇಳಿ, ಬೇರೆಯವರು ಪಕ್ಕದಲ್ಲಿ ಇಲ್ಲದಾಗ ಕೇಳಿ. ಅಳುತ್ತದೆ, ಅಳಲಿ. ನಾವೂ ಸ್ವಲ್ಪ ಅಳೋಣ. ಫ್ಲೈಟಿಗೆ ಇನ್ನೂ ಹೊತ್ತಿರುತ್ತದೆ.