ಆರೋಪವೂ ದಾಖಲೆಯೂ

ಉದ್ದೀಪನ ಮದ್ದು ಸೇವಿಸಿದರೆಂಬ ಆರೋಪಕ್ಕೆ ಗುರಿಯಾದ ಕ್ರೀಡಾಪಟುಗಳ ದಾಖಲೆಗಳನ್ನು ಉಳಿಸಬೇಕೆ, ಅಳಿಸಬೇಕೆ? ನಮ್ಮ ಚರ್ಚಾಕೂಟದಲ್ಲಿ ಈ ವಿಷಯ ಬಂದ ದಿನ ‘ಅಳಿಸಬೇಕು’ ಎಂದವರಿಗೇ ಹೆಚ್ಚು ಚಪ್ಪಾಳೆ ಬಿದ್ದಿತು. ಆ ಚಪ್ಪಾಳೆಯಲ್ಲಿ ನನ್ನದೂ ಸೇರಿತ್ತು. ಆದರೆ ಮನೆಗೆ ಹೋಗಿ ಯೋಚಿಸಿದ ಮೇಲೆ, ಆರೋಪಕ್ಕೂ ಅಪರಾಧಕ್ಕೂ ಇರುವ ಅಂತರವನ್ನು ನಾವು ಅಂದು ಮರೆತಿದ್ದೆವೆಂದು ತೋರಿತು.

1988ರ ಸೋಲ್ ಒಲಿಂಪಿಕ್ಸಿನಲ್ಲಿ ಕೆನಡಾದ ಬೆನ್ ಜಾನ್ಸನ್ 100 ಮೀಟರ್ ಓಟವನ್ನು 9.79 ಸೆಕೆಂಡಿನಲ್ಲಿ ಮುಗಿಸಿದಾಗ ಜಗತ್ತೇ ಬೆರಗಾಯಿತು. ಮೂರೇ ದಿನಗಳಲ್ಲಿ, ಆತನ ಮೂತ್ರದಲ್ಲಿ ಸ್ಟಾನೊಜೊಲಾಲ್ ಎಂಬ ನಿಷಿದ್ಧ ಮದ್ದು ಪತ್ತೆಯಾಗಿ ಪದಕವನ್ನು ಹಿಂದಕ್ಕೆ ಪಡೆಯಲಾಯಿತು. ಎರಡನೆಯವನಾಗಿ ಬಂದ ಅಮೆರಿಕದ ಕಾರ್ಲ್ ಲೂಯಿಸನಿಗೆ ಚಿನ್ನ ಸಂದಿತು. ಮರುವರ್ಷ, ಹಿಂದಿನಿಂದಲೂ ಮದ್ದು ಸೇವಿಸುತ್ತಿದ್ದುದನ್ನು ಜಾನ್ಸನ್ ವಿಚಾರಣೆಯಲ್ಲಿ ಒಪ್ಪಿಕೊಂಡನು. ಆದುದರಿಂದ 1987ರ ಆತನ 9.83 ಸೆಕೆಂಡಿನ ವಿಶ್ವದಾಖಲೆಯನ್ನೂ ಅಳಿಸಿದರು. ಇದು ನ್ಯಾಯ. ಒಂದು ಕಡೆ ಪರೀಕ್ಷೆಯ ಪ್ರಮಾಣವಿತ್ತು, ಇನ್ನೊಂದು ಕಡೆ ತಪ್ಪೊಪ್ಪಿಗೆಯಿತ್ತು.

ಆದರೆ ಪ್ರಮಾಣವಿಲ್ಲದ ಕಡೆ ಏನು ಮಾಡಬೇಕು? ಪೂರ್ವ ಜರ್ಮನಿಯ ಮರಿಟಾ ಕೋಖ್ 1985ರಲ್ಲಿ 400 ಮೀಟರನ್ನು 47.60 ಸೆಕೆಂಡಿನಲ್ಲಿ ಓಡಿದರು. ಆ ದಾಖಲೆ ಮೂರು ದಶಕಗಳಿಗೂ ಮೀರಿ ಉಳಿದು ಬಂದಿದೆ. ಆ ದೇಶದಲ್ಲಿ ಸರ್ಕಾರವೇ ಕ್ರೀಡಾಪಟುಗಳಿಗೆ ಮದ್ದು ಕೊಡಿಸುತ್ತಿದ್ದ ಸಂಗತಿ ಮುಂದೆ ಕಾಗದಪತ್ರಗಳಿಂದ ಹೊರಬಿದ್ದಿತು. ಆದುದರಿಂದ ಸಂಶಯ ಸಹಜವೇ. ಆದರೆ ಯಾವ ಪರೀಕ್ಷೆಯೂ ಆಕೆಯನ್ನು ದೋಷಿಯೆಂದು ಹೇಳಲಿಲ್ಲ.

ಇದನ್ನು ನಮ್ಮ ಪರೀಕ್ಷಾ ಕೊಠಡಿಗೇ ಹೋಲಿಸಿ ನೋಡೋಣ. ನಕಲು ಮಾಡಿ ಸಿಕ್ಕಿಬಿದ್ದವನ ಉತ್ತರಪತ್ರಿಕೆಯನ್ನು ರದ್ದುಮಾಡಿದರೆ ಯಾರೂ ಆಕ್ಷೇಪಿಸರು. ಅದೇ ಕೊಠಡಿಯಲ್ಲಿ ಕುಳಿತಿದ್ದರೆಂದು ಎಲ್ಲರ ಪತ್ರಿಕೆಗಳನ್ನೂ ಹರಿದು ಹಾಕಿದರೆ, ರಾತ್ರಿ ದೀಪ ಹಚ್ಚಿಕೊಂಡು ಓದಿದವನ ಗತಿಯೇನು? ಮೇಲ್ವಿಚಾರಕರೇ ಚೀಟಿ ಹಂಚಿದ ಕೊಠಡಿಯಾದರೆ ಎಂದು ನೀವು ಕೇಳಬಹುದು. ಪ್ರಶ್ನೆ ಬಲವಾದುದೇ. ಆಗಲೂ ಯಾರ ಕೈಗೆ ಚೀಟಿ ಬಂದಿತ್ತೆಂದು ಒಬ್ಬೊಬ್ಬರನ್ನಾಗಿ ವಿಚಾರಿಸಬೇಕಲ್ಲದೆ ಬೇರೆ ದಾರಿಯಿಲ್ಲ.

2017ರಲ್ಲಿ ಯೂರೋಪಿನ ಅಥ್ಲೆಟಿಕ್ಸ್ ಸಂಸ್ಥೆಯು 2005ಕ್ಕಿಂತ ಹಿಂದಿನ ದಾಖಲೆಗಳನ್ನು ಒಟ್ಟಿಗೆ ತಳ್ಳಿಹಾಕುವ ಸಲಹೆಯನ್ನು ಮುಂದಿಟ್ಟಿತು. ಹಾಗಾಗಿದ್ದರೆ ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ 2003ರಲ್ಲಿ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ಸ್ಥಾಪಿಸಿದ ದಾಖಲೆಯೂ ಹೋಗುತ್ತಿತ್ತು. ಅವರು ಬಲವಾಗಿ ಪ್ರತಿಭಟಿಸಿದರು. ಕಳ್ಳರನ್ನು ಹಿಡಿಯಲಾರದೆ ಊರಿಗೇ ದಂಡ ವಿಧಿಸುವುದು ಯಾವ ನ್ಯಾಯ?

ಹೀಗೆಂದಮಾತ್ರಕ್ಕೆ ವಂಚಕರಿಗೆ ಅಭಯ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಪ್ರಮಾಣ ಎಷ್ಟು ತಡವಾಗಿ ದೊರೆತರೂ ದಾಖಲೆ ಹೋಗಲೇಬೇಕು. ಪ್ರಮಾಣವೆಂದರೆ ಮೂತ್ರಪರೀಕ್ಷೆಯೊಂದೇ ಅಲ್ಲ. ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನ ಏಳು ಟೂರ್ ದ ಫ್ರಾನ್ಸ್ ವಿಜಯಗಳು 2012ರಲ್ಲಿ ರದ್ದಾದುದಕ್ಕೆ ಜೊತೆಯ ಸವಾರರ ಸಾಕ್ಷ್ಯವೂ ಮುಖ್ಯ ಆಧಾರವಾಗಿತ್ತು. ಇಂತಹ ತನಿಖೆಗೆ ಶ್ರಮ ಬೇಕು, ಹಣ ಬೇಕು, ತಾಳ್ಮೆ ಬೇಕು. ಸಾರಾಸಗಟಾಗಿ ಅಳಿಸುವುದಕ್ಕೆ ಒಂದು ರಬ್ಬರು ಸಾಕು.

ಪೂರ್ವ ಜರ್ಮನಿಯವರೇ ಆದ ಇನೆಸ್ ಗೈಪೆಲ್ ಎಂಬ ಓಟಗಾರ್ತಿ, 1984ರ ರಿಲೇ ದಾಖಲೆಯಿಂದ ತನ್ನ ಹೆಸರನ್ನು ತೆಗೆದುಹಾಕಿರೆಂದು ತಾವಾಗಿಯೇ ಕೇಳಿಕೊಂಡರು. ಆ ಹೆಸರಿದ್ದ ಜಾಗದಲ್ಲಿ ಒಂದು ನಕ್ಷತ್ರಚಿಹ್ನೆ ಬಂದಿತು. ಬಲವಂತದಿಂದ ಅಳಿಸಿದ ನೂರು ಹೆಸರುಗಳಿಗಿಂತ ಈ ಒಂದು ಚಿಹ್ನೆ ಹೆಚ್ಚು ಮಾತಾಡುತ್ತದೆ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಣ್ಣಾರೆ ಕಂಡುದಕ್ಕೇ ಈ ಎಚ್ಚರಿಕೆಯಾದರೆ ಕಿವಿಯಾರೆ ಕೇಳಿದುದಕ್ಕೆ ಎಷ್ಟಿರಬೇಕು! ಮುಂದಿನ ಸಲ ಚರ್ಚಾಕೂಟದಲ್ಲಿ ಈ ಪ್ರಶ್ನೆ ಬಂದರೆ, ಚಪ್ಪಾಳೆ ತಟ್ಟುವ ಮೊದಲು ‘ಪ್ರಮಾಣವೇನು?’ ಎಂದು ಕೇಳುವವರಲ್ಲಿ ನಾನೊಬ್ಬನಾಗಿರುತ್ತೇನೆ.