ಪಾತ್ರ ಹಂಚುವ ಮುನ್ನ ಇಡೀ ನಾಟಕ ಓದಿಸಿ

ನಮ್ಮೂರಿನ ಹವ್ಯಾಸಿ ತಂಡ ಈ ಸಲ ಗಿರೀಶ ಕಾರ್ನಾಡರ ‘ತುಘಲಕ್’ ಎತ್ತಿಕೊಂಡಿದೆ. ಬ್ಯಾಂಕಿನ ಕೆಲಸ ಮುಗಿಸಿಕೊಂಡು ನಾನೂ ಆಡಿಷನ್‌ಗೆ ಹೋಗಿದ್ದೆ, ಸುಲ್ತಾನ ತುಘಲಕನ ಮಲತಾಯಿಯ ಪಾತ್ರಕ್ಕೆ. ಗಂಡಸರೆಲ್ಲ ಸುಲ್ತಾನನ ಮಾತನ್ನೇ ಗಟ್ಟಿಯಾಗಿ ಒಪ್ಪಿಸಿದರು. ಎತ್ತರ, ಗಡ್ಡ, ಕಂಠ ನೋಡಿ ಪಟ್ಟಿ ತಯಾರಾಯಿತು. ಈ ಕ್ರಮ ತಪ್ಪು.

1964ರ ಈ ನಾಟಕ ನಿಂತಿರುವುದು ಸುಲ್ತಾನನ ಅಬ್ಬರದ ಮೇಲಲ್ಲ. ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಸಾಗಿಸಿದ, ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದ ದೊರೆಯ ಆದರ್ಶಗಳನ್ನು ಅಗಸ ಅಜೀಜ ತನ್ನ ಲಾಭಕ್ಕೆ ತಿರುಗಿಸಿಕೊಳ್ಳುತ್ತಾನೆ. ಬ್ರಾಹ್ಮಣನ ವೇಷದಲ್ಲಿ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಅಜೀಜ ಮಂಕಾದರೆ ಸುಲ್ತಾನನ ಸೋಲು ನೋಡುವವರಿಗೆ ಮುಟ್ಟುವುದೇ ಇಲ್ಲ.

ಮಲತಾಯಿಯೂ ಅರಮನೆಯ ಅಲಂಕಾರವಲ್ಲ. ಸುಲ್ತಾನನ ಸಲಹೆಗಾರ ನಜೀಬನನ್ನು ಕೊಲ್ಲಿಸಿದವಳು ಅವಳು. ಅದನ್ನು ಮಗನೆದುರು ಒಪ್ಪಿಕೊಳ್ಳುವ ದೃಶ್ಯದಲ್ಲಿ ಮಾತಾಡುವಷ್ಟೇ ಕೇಳಿಸಿಕೊಳ್ಳುವುದೂ ನಟನೆ. ಆಡಿಷನ್‌ನಲ್ಲಿ ಆ ದೃಶ್ಯವನ್ನು ಜೋಡಿಯಾಗಿ ಓದಿಸಲೇ ಇಲ್ಲ. ಒಬ್ಬೊಬ್ಬರೇ ಗೋಡೆಯ ಕಡೆ ಮುಖ ಮಾಡಿ ಮಾತು ಒಪ್ಪಿಸಿ ಬಂದೆವು. ಎದುರಿಗೆ ಮಗನೇ ಇಲ್ಲದೆ ತಾಯಿ ಹೇಗೆ ನಡುಗಬೇಕು?

ಕಂಠ ನೋಡಿ ಪಾತ್ರ ಕೊಡುವುದಕ್ಕೆ ಹಿಂದೆ ಕಾರಣವಿತ್ತು. ಕಂಪನಿ ನಾಟಕಗಳ ಆರಂಭದ ಕಾಲದಲ್ಲಿ ಮೈಕ್ ಇರಲಿಲ್ಲ, ಕೊನೆಯ ಸಾಲಿಗೆ ಮುಟ್ಟುವ ಕಂಠ ಬೇಕೇ ಇತ್ತು. ಈಗ ಆ ಅಗತ್ಯವಿಲ್ಲ.

ನಿರ್ದೇಶಕರೇ, ಪಾತ್ರ ಹಂಚುವ ಮುನ್ನ ಎಲ್ಲರನ್ನೂ ಸುತ್ತ ಕೂರಿಸಿ ನಾಟಕವನ್ನು ಮೊದಲಿಂದ ಕೊನೆಯವರೆಗೆ ಓದಿಸಿ. ಸುಲ್ತಾನನಾಗಲು ಬಂದವರಿಂದ ಅಜೀಜನ, ಇತಿಹಾಸಕಾರ ಬರನಿಯ ಮಾತನ್ನೂ ಓದಿಸಿ. ಅದಕ್ಕೊಂದು ಭಾನುವಾರ ಹೋದರೆ ಹೋಗಲಿ, ನಾವೆಲ್ಲ ಬರುತ್ತೇವೆ.