ಕೇಳುವ ಮಗು ಹೇಳುವ ಮಗುವೂ ಆಗಲಿ

ತರಗತಿಗೊಂದು ಪರದೆ, ಅದಕ್ಕೊಂದು ಅಂತರ್ಜಾಲ ಸಂಪರ್ಕ ದೊರೆತರೆ ಗುಡ್ಡಗಾಡಿನ ಮಕ್ಕಳು ಹೊರಜಗತ್ತಿಗೆ ಹತ್ತಿರವಾಗುತ್ತಾರೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಜಗತ್ತು ಹೇಳುತ್ತಾ ಹೋಗಿ ಮಗು ಕೇಳುತ್ತಾ ಕುಳಿತರೆ ಅದನ್ನು ಸಂಪರ್ಕವೆನ್ನಲಾಗದು.

ಇಂತಹ ಪ್ರಯೋಗ ಕರ್ನಾಟಕಕ್ಕೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಉಪಗ್ರಹ ದೂರದರ್ಶನ ಯೋಜನೆಯು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಉದ್ದೇಶಿಸಿತ್ತು. ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ತಂತಿಬಲೆಯ ಆಂಟೆನಾ ಕಟ್ಟಿ, ಬೆಳಗಿನ ವೇಳೆ ಶಾಲಾ ಮಕ್ಕಳಿಗೆ ಕಾರ್ಯಕ್ರಮ ತೋರಿಸಲಾಯಿತು. ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಅವಧಿ ಮುಗಿದೊಡನೆ ಯೋಜನೆಯೂ ಮುಗಿಯಿತು. 2004ರ ಸೆಪ್ಟೆಂಬರ್ 20ರಂದು ಇಸ್ರೋ ‘ಎಜುಸ್ಯಾಟ್’ ಹಾರಿಸಿದ ಬಳಿಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಬಂದವು. ಎರಡೂ ಶ್ಲಾಘನೀಯ ಪ್ರಯತ್ನಗಳೇ. ಆದರೆ ಎರಡರಲ್ಲೂ ಪಾಠ ಬಹುಮಟ್ಟಿಗೆ ಮೇಲಿನಿಂದ ಕೆಳಗಿಳಿಯಿತೇ ಹೊರತು, ಹಳ್ಳಿಯ ಮಗುವಿನ ಮಾತು ಮೇಲೇರಲಿಲ್ಲ.

ಇಂದು ಶಿಕ್ಷಕರ ಕೈಯಲ್ಲಿರುವ ಮೊಬೈಲ್‌ಗೆ ಆ ಮಿತಿಯಿಲ್ಲ. ನೀಲಗುಂದದ ತರಗತಿಯನ್ನೇ ಊಹಿಸೋಣ. ಹರಪನಹಳ್ಳಿ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಇಲ್ಲಿ ಮೋಡ ಬರಿದೇ ಸರಿದುಹೋಗುವ ಜುಲೈ ತಿಂಗಳಲ್ಲೂ ಹೊಳೆ ತುಂಬಿ ಬರುವುದೇಕೆ? ಉತ್ತರ ತೀರ್ಥಹಳ್ಳಿ, ಶೃಂಗೇರಿಗಳ ಕಡೆಯ ಮಕ್ಕಳಿಗೆ ಗೊತ್ತು. ಎರಡೂ ಕಡೆಯ ಶಾಲೆಗಳು ನೇರ ಗೋಡೆಯ, ಸಮತಟ್ಟು ತಳದ ಪಾತ್ರೆಯೊಂದನ್ನು ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೀರಿನ ಆಳವನ್ನು ಅಳತೆಪಟ್ಟಿಯಿಂದ ಅಳೆದು ಪರಸ್ಪರ ತಿಳಿಸಲಿ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಅಲ್ಲಿ ಸುರಿದದ್ದು ಕೆಲವು ದಿನಗಳಲ್ಲಿ ಇಲ್ಲಿಯ ಹೊಳೆಗೆ ಬರುತ್ತದೆ. ಘಟ್ಟದ ಕಾಡು ಉಳಿಯುವುದು ಬಯಲುಸೀಮೆಯ ಪ್ರಶ್ನೆಯೂ ಹೌದೆಂಬುದನ್ನು ಆ ಅಂಕಿಗಳೇ ಕಲಿಸುತ್ತವೆ. ಪ್ರತಿಯಾಗಿ, ಬೇವು, ಹೊಂಗೆಗಳು ಇಲ್ಲಿ ಯಾವ ವಾರ ಹೂಬಿಟ್ಟವು, ಜೋಳ ಮೊಳಕೆಯಾಗಲು ಎಷ್ಟು ಹಸಿ ಬೇಕಾಯಿತು ಎಂಬುದನ್ನು ನಮ್ಮ ಮಕ್ಕಳು ಅವರಿಗೆ ತಿಳಿಸಬಹುದು.

ಇದು ಆಟವಲ್ಲ. ತನ್ನ ಊರಿನಲ್ಲಿ ಹೇಳತಕ್ಕದ್ದೇನೂ ಇಲ್ಲವೆಂದು ನಂಬಿ ಬೆಳೆದ ಮಗು ನಾಳೆ ಆ ಊರಿನ ಗುಡ್ಡ, ಕೆರೆ, ಹೊಲಗಳ ಪರವಾಗಿ ಬಾಯಿ ತೆರೆಯುವುದಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಪರದೆ ಶಿಕ್ಷಕರಿಗೆ ಬದಲಿಯಲ್ಲ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಫೋನಿಲ್ಲದ ಮಕ್ಕಳ ಬಳಿಗೆ ‘ವಿದ್ಯಾಗಮ’ದ ಮೂಲಕ ನಡೆದು ಹೋದವರು ಶಿಕ್ಷಕರೇ. ಸಂಪರ್ಕದ ಹೆಸರಿನಲ್ಲಿ ಅವರ ಹುದ್ದೆಗಳನ್ನು ಖಾಲಿ ಬಿಡುವುದನ್ನಾಗಲಿ, ಚಿಕ್ಕ ಶಾಲೆಗಳನ್ನು ಮುಚ್ಚುವುದನ್ನಾಗಲಿ ಒಪ್ಪಲಾಗದು.

ಗ್ರಾಮಸ್ಥರು ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನೆತ್ತಲಿ. ಕಾಲೇಜು ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ನೆರವಾಗಲಿ. ಮೊದಲು ಬೇಕಾದದ್ದು ಒಂದು ಪಾತ್ರೆ, ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್ಕು. ಮೊಬೈಲ್‌ನ ಕೆಲಸ ಆಮೇಲಿನದು.